ಕತ್ತಲಲ್ಲಿ ಸೈಕಲ್ ತುಳಿಯುವವರಿಗೆ: ಕಡಿಮೆ ಖರ್ಚಿನಲ್ಲಿ ಸರಿಯಾದ ಲೈಟು ಆರಿಸುವುದು ಹೇಗೆ?

ಮೊದಲ ಸಲ ಸೈಕಲ್ಲಿಗೆ ಲೈಟು ಕೊಂಡಾಗ ನಾನು ನೋಡಿದ್ದು ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ಮಾತ್ರ. ಇದ್ದ ದುಡ್ಡೆಲ್ಲ ಮುಂದಿನ ಲೈಟಿಗೇ ಹೋಯಿತು. ಹಿಂದಕ್ಕೆ ಒಂದು ಪುಟ್ಟ ಕೆಂಪು ಲೈಟು ಸಿಕ್ಕಿಸಿ ಸುಮ್ಮನಾದೆ. ಮೂರು ವಾರ ಕಳೆದ ಮೇಲೆ ಒಂದು ಸಂಜೆ ಗೆಳೆಯನೊಬ್ಬ ನನ್ನ ಹಿಂದೆಯೇ ಸೈಕಲ್ಲಿನಲ್ಲಿ ಬಂದ. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದ, "ಯಾಕೋ, ಹಿಂದೆ ಲೈಟೇ ಹಾಕಿಲ್ಲ?" ಹಾಕಿದ್ದೆ. ಅದು ಉರಿಯುತ್ತಲೂ ಇತ್ತು. ಆದರೆ ಮಳೆ ಕೋಟಿನ ಹಿಂದಿನ ಅಂಚು ಇಳಿದು ಅದನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಅಷ್ಟು ದಿನ ಹಿಂದಿನಿಂದ ಬಂದ ಒಂದು ಗಾಡಿಗೂ ನಾನು ಸರಿಯಾಗಿ ಕಂಡಿರಲಿಕ್ಕಿಲ್ಲ ಅನ್ನಿಸಿ ಮೈ ಜುಮ್ಮೆಂದಿತು.

ಆವತ್ತಿನಿಂದ ಲೈಟು ಕೊಳ್ಳುವಾಗ ನನ್ನದು ಒಂದೇ ಲೆಕ್ಕ. ಬೆಳಕು ಎಷ್ಟಿದೆ ಅನ್ನುವುದು ಎರಡನೇ ಮಾತು. ಬೇಕಾದ ಕಡೆ ಬೀಳುತ್ತದೆಯಾ ಅನ್ನುವುದು ಮೊದಲನೇದು. ಹೀಗೆ ನೋಡಿ ಕೊಂಡರೆ ದುಬಾರಿ ಲೈಟು ಬೇಕಾಗುವುದಿಲ್ಲ.

ಹಂತ 1: ನಿಮ್ಮ ದಾರಿ ಎಂಥದ್ದು ನೋಡಿ

ಸೈಕಲ್ ಲೈಟಿಗೆ ಎರಡು ಕೆಲಸ. ಬೇರೆಯವರಿಗೆ ನೀವು ಕಾಣಬೇಕು. ನಿಮಗೆ ರಸ್ತೆ ಕಾಣಬೇಕು. ಬೀದಿ ದೀಪ ಚೆನ್ನಾಗಿರುವ ರಸ್ತೆಯಲ್ಲೇ ಓಡಾಡುವವರಿಗೆ ಎರಡನೇ ಕೆಲಸ ಅರ್ಧಕ್ಕರ್ಧ ಆಗಿಯೇ ಹೋಗಿರುತ್ತದೆ. ಅಂಥವರಿಗೆ ಮುಂದೆ 100ರಿಂದ 200 ಲುಮೆನ್‌ನ ಲೈಟು ಧಾರಾಳ ಸಾಕು (ಲುಮೆನ್ ಅಂದರೆ ಲೈಟು ಕೊಡುವ ಒಟ್ಟು ಬೆಳಕಿನ ಅಳತೆ). ಬೀದಿ ದೀಪವೇ ಇಲ್ಲದ ರಸ್ತೆಯಾದರೆ ಮಾತು ಬೇರೆ. ಅಲ್ಲಿ ಗುಂಡಿ, ಜಲ್ಲಿ, ರಸ್ತೆಯಲ್ಲಿ ಮಲಗಿರುವ ನಾಯಿ, ಎಲ್ಲವನ್ನೂ ನಿಮ್ಮ ಲೈಟೇ ತೋರಿಸಬೇಕು.

ಎಷ್ಟು ದೂರ ತೋರಿಸಬೇಕು? ಇದನ್ನು ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 20 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ಗುಂಡಿ ಕಣ್ಣಿಗೆ ಬಿದ್ದು, ಬ್ರೇಕ್ ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಯಿತು ಅಂದುಕೊಳ್ಳಿ. ಅಷ್ಟರಲ್ಲೇ ಸೈಕಲ್ 8 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆ ಬ್ರೇಕ್ ಇದ್ದರೂ ನಿಲ್ಲಲು ಇನ್ನೊಂದು 4 ಮೀಟರ್ ಬೇಕು. ಒಟ್ಟು 12 ಮೀಟರ್. ಗಂಟೆಗೆ 30 ಕಿಲೋಮೀಟರ್ ಆದರೆ ಅದೇ ಲೆಕ್ಕ 21 ಮೀಟರಿಗೆ ಏರುತ್ತದೆ. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಇಳಿಜಾರು ಇದ್ದರೆ ಕೇಳಲೇಬೇಡಿ.

ಅಂದರೆ ನಿಧಾನವಾಗಿ ಹೋಗುವವರಿಗೆ 15 ಮೀಟರ್ ಸ್ಪಷ್ಟವಾಗಿ ಕಂಡರೆ ಸಾಕು. ಜೋರಾಗಿ ಹೋಗುವವರಿಗೆ 25ರಿಂದ 30 ಮೀಟರ್ ಕಾಣಬೇಕು. ಕತ್ತಲ ರಸ್ತೆಗೆ ಬೆಳಕು ಸರಿಯಾಗಿ ಬೀಳುವ 300ರಿಂದ 500 ಲುಮೆನ್‌ನ ಲೈಟು ಈ ಕೆಲಸ ಮಾಡುತ್ತದೆ. ಕಾಡುದಾರಿಯಲ್ಲಿ ವೇಗವಾಗಿ ಹೋಗುವವರಿಗೆ ಬಿಟ್ಟರೆ ಸಾವಿರಾರು ಲುಮೆನ್ ಯಾರಿಗೂ ಬೇಕಿಲ್ಲ ಅನ್ನುವುದು ನನ್ನ ಅನುಭವ.

ಹಂತ 2: ಹಿಂದಿನ ಲೈಟನ್ನು ಮೊದಲು ಕೊಳ್ಳಿ

ಹೆಚ್ಚಿನವರು ಇದನ್ನು ಕೊನೆಗೆ ಕೊಳ್ಳುತ್ತಾರೆ. ನಾನು ಮೊದಲು ಕೊಳ್ಳಿ ಅನ್ನುತ್ತೇನೆ. ಮುಂದಿನಿಂದ ಬರುವವರನ್ನು ನೀವು ನೋಡುತ್ತೀರಿ, ಪಕ್ಕಕ್ಕೆ ಸರಿಯುತ್ತೀರಿ. ಹಿಂದಿನಿಂದ ಬರುವ ಗಾಡಿಯ ವಿಷಯದಲ್ಲಿ ನಿಮ್ಮ ಕೈಯಲ್ಲಿ ಏನೂ ಇಲ್ಲ. ಆ ಚಾಲಕನಿಗೆ ನೀವು ಕಾಣಬೇಕು, ಅಷ್ಟೇ. ಒಳ್ಳೆ ಸುದ್ದಿ ಏನೆಂದರೆ ಕೆಂಪು ಲೈಟಿಗೆ ಜಾಸ್ತಿ ಶಕ್ತಿ ಬೇಡ. 20ರಿಂದ 50 ಲುಮೆನ್ ಇದ್ದರೆ ರಾತ್ರಿ ದೂರದಿಂದಲೇ ಕಾಣುತ್ತದೆ. ಹಾಗಾಗಿ ಬೆಲೆಯೂ ಕಡಿಮೆ.

ಕೊಳ್ಳುವಾಗ ಮೂರು ಕಡೆಯಿಂದ ನೋಡಿ. ಲೈಟು ಹಚ್ಚಿ ಮೇಜಿನ ಮೇಲಿಟ್ಟು ಎದುರಿಗೆ ನಿಂತು ನೋಡಿ. ಆಮೇಲೆ ಒಂದು ಪಕ್ಕಕ್ಕೆ ಹೋಗಿ, ಇನ್ನೊಂದು ಪಕ್ಕಕ್ಕೂ ಹೋಗಿ. ಎಷ್ಟೋ ಲೈಟುಗಳು ಎದುರಿಗೆ ಕಣ್ಣು ಕುಕ್ಕುತ್ತವೆ, ಪಕ್ಕಕ್ಕೆ ಸರಿದರೆ ಆರಿಹೋದ ಹಾಗೆ ಕಾಣುತ್ತವೆ. ಅಡ್ಡರಸ್ತೆಯಿಂದ ಬರುವ ಗಾಡಿಗೆ ಕಾಣಬೇಕಾದದ್ದು ಆ ಪಕ್ಕದ ಬೆಳಕು. ಗಾಜಿನ ಭಾಗ ಪಕ್ಕಕ್ಕೂ ಸುತ್ತಿಕೊಂಡಿರುವ ಲೈಟನ್ನೇ ಆರಿಸಿ.

ಮಿಟುಕಿಸಬೇಕಾ, ಒಂದೇ ಸಮ ಉರಿಸಬೇಕಾ? ಮಿಟುಕುವ ಬೆಳಕು ಬೇಗ ಕಣ್ಣಿಗೆ ಬೀಳುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಆದರೆ ಕಗ್ಗತ್ತಲಲ್ಲಿ ಬರೀ ಮಿಟುಕುವ ಚುಕ್ಕೆ ಎಷ್ಟು ದೂರದಲ್ಲಿದೆ, ಯಾವ ಕಡೆ ಸರಿಯುತ್ತಿದೆ ಅಂತ ಅಂದಾಜು ಮಾಡುವುದು ಕಷ್ಟ. ನಾನು ಎರಡು ಅಗ್ಗದ ಲೈಟು ಹಾಕುತ್ತೇನೆ. ಒಂದು ಸೀಟಿನ ಕೆಳಗಿನ ಕೊಳವೆಗೆ, ಒಂದೇ ಸಮ ಉರಿಯುವಂತೆ. ಇನ್ನೊಂದು ಕ್ಯಾರಿಯರ್ ಹಿಂಭಾಗಕ್ಕೆ, ನಿಧಾನವಾಗಿ ಮಿಟುಕುವಂತೆ. ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ. ಒಂದು ದುಬಾರಿ ಲೈಟಿಗಿಂತ ಎರಡು ಸಾಧಾರಣ ಲೈಟು ಮೇಲು ಅನ್ನುವುದು ಮುಖ್ಯವಾಗಿ ಇದಕ್ಕೇ.

ನಿಮ್ಮ ದೇಶದ ಕಾನೂನು ಏನು ಹೇಳುತ್ತದೆ ಅಂತಲೂ ಒಮ್ಮೆ ನೋಡಿಕೊಳ್ಳಿ. ಜರ್ಮನಿಯಲ್ಲಿ ಸೈಕಲ್ಲಿನ ಮೇಲೆ ಮಿಟುಕುವ ಲೈಟು ಹಾಕುವಂತಿಲ್ಲ. ಬ್ರಿಟನ್ನಿನಲ್ಲಿ 2005ರಿಂದ ಹಾಕಬಹುದು, ಆದರೆ ನಿಮಿಷಕ್ಕೆ 60ರಿಂದ 240 ಸಲದೊಳಗೆ ಮಿಟುಕಬೇಕು. ಬಣ್ಣದ ವಿಷಯದಲ್ಲಿ ಮಾತ್ರ ಗೊಂದಲ ಬೇಡ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲೇ ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ಅಂತಿದೆ. ಚೆಂದ ಕಾಣುತ್ತದೆ ಅಂತ ಮುಂದೆ ಕೆಂಪು ಲೈಟು ಹಾಕಿದರೆ ನೀವು ಬರುತ್ತಿದ್ದೀರೋ ಹೋಗುತ್ತಿದ್ದೀರೋ ಅಂತ ಎದುರಿನವರಿಗೆ ತಿಳಿಯುವುದಿಲ್ಲ.

ಹಂತ 3: ಮುಂದಿನ ಲೈಟಿನಲ್ಲಿ ಅಂಕಿ ಬಿಟ್ಟು ಬೆಳಕಿನ ಆಕಾರ ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಲುಮೆನ್ ಅಂದರೆ ಲೈಟಿನಿಂದ ಹೊರಗೆ ಬರುವ ಒಟ್ಟು ಬೆಳಕು. ಅದು ಯಾವ ಕಡೆ ಹೋಗುತ್ತದೆ ಅನ್ನುವುದನ್ನು ಆ ಅಂಕಿ ಹೇಳುವುದಿಲ್ಲ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬಿದ್ದ ಬೆಳಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲುಮೆನ್ ಬಿದ್ದರೆ ಅದು ಒಂದು ಲಕ್ಸ್. ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಲುಮೆನ್ ಎರಡು ಪಟ್ಟು ಮಾಡಿದ ಮಾತ್ರಕ್ಕೆ ಎರಡು ಪಟ್ಟು ದೂರ ಕಾಣುವುದಿಲ್ಲ.

ಅಗ್ಗದ ಲೈಟುಗಳಲ್ಲಿ ಬಹುಪಾಲು ಟಾರ್ಚಿನ ಜಾತಿಗೆ ಸೇರಿದವು. ಬೆಳಕು ದುಂಡಗೆ, ಎಲ್ಲ ಕಡೆಗೂ ಒಂದೇ ಥರ ಹೊರಡುತ್ತದೆ. ಕೆಳಗಿನ ಅರ್ಧ ರಸ್ತೆಗೆ ಬೀಳುತ್ತದೆ. ಮೇಲಿನ ಅರ್ಧ ಮರದ ಕೊಂಬೆಗೆ, ಆಕಾಶಕ್ಕೆ, ಎದುರಿಗೆ ಬರುವವರ ಕಣ್ಣಿಗೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಅರ್ಧ ಬ್ಯಾಟರಿ ಹೀಗೇ ಹೋಗುತ್ತದೆ. ಕಣ್ಣು ಕುಕ್ಕಿಸಿಕೊಂಡ ಚಾಲಕನಿಗೆ ಕೆಲವು ಕ್ಷಣ ರಸ್ತೆಯೂ ಕಾಣುವುದಿಲ್ಲ, ನೀವೂ ಕಾಣುವುದಿಲ್ಲ.

ಇನ್ನೊಂದು ಜಾತಿಯ ಲೈಟಿದೆ. ಕಾರಿನ ಲೋ ಬೀಮ್ ಥರ, ಬೆಳಕಿಗೆ ಮೇಲೆ ಒಂದು ಗೆರೆ ಎಳೆದ ಹಾಗೆ ಅಂಚಿರುತ್ತದೆ. ಅದರ ಮೇಲೆ ಬೆಳಕೇ ಹೋಗುವುದಿಲ್ಲ. ಇದ್ದದ್ದೆಲ್ಲ ರಸ್ತೆ ಮೇಲೆ ಹರಡುತ್ತದೆ. ಜರ್ಮನಿಯ ನಿಯಮ ಮುಂದಿನ ಲೈಟು ಹೀಗೇ ಇರಬೇಕು ಅನ್ನುತ್ತದೆ. ಅಲ್ಲಿನ ಲೈಟುಗಳ ಮೇಲೆ ಲುಮೆನ್ ಬದಲು ಲಕ್ಸ್ ಅಂಕಿ ಬರೆದಿರುತ್ತಾರೆ. ಒಪ್ಪಿಗೆ ಸಿಕ್ಕಿದ ಲೈಟಿನ ಮೈ ಮೇಲೆ ಅಲೆಯಂಥ ಗೆರೆ, ಇಂಗ್ಲಿಷಿನ ಕೆ ಅಕ್ಷರ ಮತ್ತು ಒಂದು ನಂಬರ್ ಅಚ್ಚಾಗಿರುತ್ತದೆ. ಈ ಗುರುತಿರುವ 40ರಿಂದ 60 ಲಕ್ಸ್‌ನ ಒಂದು ಸರಳ ಲೈಟು, 500 ಲುಮೆನ್‌ನ ದುಂಡು ಟಾರ್ಚಿಗಿಂತ ರಸ್ತೆಯನ್ನು ಚೆನ್ನಾಗಿ ತೋರಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗುರುತು ಇಲ್ಲದಿದ್ದರೂ ಪರೀಕ್ಷೆ ಸುಲಭ. ಕತ್ತಲ ಕೋಣೆಯಲ್ಲಿ ಬಿಳಿ ಗೋಡೆಗೆ ಎರಡು ಮೀಟರ್ ದೂರದಿಂದ ಲೈಟು ಬಿಡಿ. ನಡುವೆ ಒಂದು ಉರಿಯುವ ಚುಕ್ಕೆ, ಸುತ್ತ ಕಪ್ಪು ಇದ್ದರೆ ಬಿಟ್ಟುಬಿಡಿ. ರಸ್ತೆಯಲ್ಲಿ ಅದು ಒಂದು ತಟ್ಟೆಯಷ್ಟು ಜಾಗವನ್ನು ಮಾತ್ರ ಬೆಳಗುತ್ತದೆ, ಆ ತಟ್ಟೆಯ ಪಕ್ಕದ ಗುಂಡಿ ಕಾಣುವುದಿಲ್ಲ. ಅಗಲವಾಗಿ, ಅಂಚಿನ ಕಡೆಗೆ ಮೆಲ್ಲಗೆ ಕರಗುವ ಬೆಳಕು ಬೇಕು. ಕೆಲವು ಲೈಟುಗಳಲ್ಲಿ ಗೋಡೆ ಮೇಲೆ ಉಂಗುರಗಳು, ಕಪ್ಪು ಕಲೆಗಳು ಕಾಣುತ್ತವೆ. ಸೈಕಲ್ ಓಡುವಾಗ ಆ ಕಲೆಗಳೆಲ್ಲ ಗುಂಡಿಗಳ ಹಾಗೇ ಕಂಡು ಮೋಸ ಮಾಡುತ್ತವೆ.

ಬಣ್ಣವನ್ನೂ ನೋಡಿ. ತೀರಾ ನೀಲಿ ಛಾಯೆಯ ಬಿಳಿ ಬೆಳಕು ಡಬ್ಬ ತೆರೆದಾಗ ಭಾರಿ ಪ್ರಕಾಶ ಅನ್ನಿಸುತ್ತದೆ. ಒದ್ದೆ ಡಾಂಬರಿನ ಮೇಲೆ ಅದೇ ಬೆಳಕು ಮಂಕಾಗಿ ಕಾಣುತ್ತದೆ. ಆಯ್ಕೆ ಇದ್ದರೆ ಸ್ವಲ್ಪ ಹಳದಿಗೆ ತಿರುಗಿದ ಬಿಳಿ ತೆಗೆದುಕೊಳ್ಳಿ. ಮಣ್ಣಿಗೂ ಕಲ್ಲಿಗೂ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಹಂತ 4: ಬ್ಯಾಟರಿಯ ಲೆಕ್ಕ ನೀವೇ ಹಾಕಿ

ಡಬ್ಬದ ಮೇಲೆ "2000 ಲುಮೆನ್, 6 ಗಂಟೆ" ಅಂತ ಬರೆದಿದ್ದರೆ ನಂಬಬೇಕಾ? ಒಂದು ನಿಮಿಷದ ಲೆಕ್ಕ ಸಾಕು. ಸಾಧಾರಣ ಎಲ್‌ಇಡಿ ಲೈಟು ಒಂದು ವಾಟಿಗೆ ಹೆಚ್ಚುಕಡಿಮೆ 100 ಲುಮೆನ್ ಕೊಡುತ್ತದೆ. ಹಾಗಾದರೆ 2000 ಲುಮೆನ್‌ಗೆ 20 ವಾಟ್ ಬೇಕು, 6 ಗಂಟೆಗೆ 120 ವಾಟ್ ಅವರ್. ಈ ಲೈಟುಗಳಲ್ಲಿ ಸಾಮಾನ್ಯವಾಗಿ ಬಳಸುವ ಲಿಥಿಯಂ ಸೆಲ್‌ಗೆ 18650 ಅನ್ನುತ್ತಾರೆ, ಯಾಕೆಂದರೆ ಅದರ ದಪ್ಪ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್. ಒಳ್ಳೆಯ ಸೆಲ್ ಒಂದರಲ್ಲಿ 3500 ಮಿಲಿ ಆಂಪ್ ಅವರ್ ಆಸುಪಾಸು ಇರುತ್ತದೆ, ಅಂದರೆ ಸುಮಾರು 12 ವಾಟ್ ಅವರ್. 120 ಬೇಕಾದರೆ ಅಂಥ ಹತ್ತು ಸೆಲ್ ಬೇಕು. ಅಂಗೈಯಷ್ಟು ಲೈಟಿನೊಳಗೆ ಹತ್ತು ಸೆಲ್ ಹಿಡಿಯುವುದಿಲ್ಲ ಅಲ್ವಾ? ಹಾಗೆಯೇ, ಒಂದೇ 18650 ಸೆಲ್ ಮೇಲೆ 9900 ಅಂತ ಅಚ್ಚಾಗಿದ್ದರೆ ಅದು ಸುಳ್ಳು ಅಂಕಿ. ಅಂಥ ಸೆಲ್‌ನಿಂದ ದೂರ ಇರಿ. ಅಂಕಿಯಲ್ಲಿ ಸುಳ್ಳು ಹೇಳಿದವರು ಒಳಗಿನ ಸುರಕ್ಷತೆಯ ವಿಷಯದಲ್ಲಿ ಪ್ರಾಮಾಣಿಕವಾಗಿರುತ್ತಾರೆ ಅಂತ ನಂಬಲು ನನಗೆ ಧೈರ್ಯ ಇಲ್ಲ.

ಇನ್ನೊಂದು ವಿಷಯ. "ಇಷ್ಟು ಗಂಟೆ ಉರಿಯುತ್ತದೆ" ಅನ್ನುವಾಗ ಅಷ್ಟೂ ಹೊತ್ತು ಪೂರ್ತಿ ಬೆಳಕು ಇರುತ್ತದೆ ಅಂತ ಅರ್ಥ ಅಲ್ಲ. ಟಾರ್ಚುಗಳಿಗೆ ಬಳಸುವ ಎಫ್‌ಎಲ್ 1 ಅಳತೆಯಲ್ಲಿ, ಬೆಳಕು ಮೊದಲಿನ ನೂರರಲ್ಲಿ ಹತ್ತು ಪಾಲಿಗೆ ಇಳಿಯುವವರೆಗಿನ ಸಮಯವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅದಕ್ಕೇ ಮನೆಯಲ್ಲಿ ಒಂದು ಸಲ ಪರೀಕ್ಷೆ ಮಾಡಿ. ಪೂರ್ತಿ ಚಾರ್ಜ್ ಮಾಡಿ, ನೀವು ದಿನಾ ಬಳಸುವ ಮಟ್ಟದಲ್ಲಿ ಹಚ್ಚಿ, ಎದುರಿಗೆ ಫ್ಯಾನ್ ಇಟ್ಟು ಬಿಡಿ. ಸೈಕಲ್ ಓಡುವಾಗ ಗಾಳಿ ತಾಗಿ ಲೈಟು ತಂಪಾಗುತ್ತದೆ, ಮನೆಯೊಳಗೆ ಗಾಳಿ ಇಲ್ಲದೆ ಬಿಸಿಯಾಗಿ ತಾನೇ ಬೆಳಕು ತಗ್ಗಿಸಿಕೊಳ್ಳಬಹುದು. ಅರ್ಧ ಗಂಟೆಗೊಮ್ಮೆ ಗೋಡೆ ಮೇಲಿನ ಬೆಳಕು ನೋಡಿ ಬರೆದಿಟ್ಟುಕೊಳ್ಳಿ. ನಿಮ್ಮ ದಿನದ ಸವಾರಿಯ ಎರಡು ಪಟ್ಟು ಹೊತ್ತು ಬಂದರೆ ಆ ಲೈಟು ನಿಮಗೆ ಸಾಕು.

ಚಾರ್ಜ್ ಎಷ್ಟು ಉಳಿದಿದೆ ಅಂತ ತೋರಿಸುವ ಸಣ್ಣ ದೀಪ ಇರಲೇಬೇಕು. ಅದಿಲ್ಲದ ಲೈಟೊಂದು ನನಗೆ ಇಳಿಜಾರಿನ ನಡುವೆ ಕೈಕೊಟ್ಟಿತು. ಮಂಕಾಗಲೂ ಇಲ್ಲ, ಟಪ್ ಅಂತ ಆರಿತು. ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಆ ಹೊತ್ತು ಕೈಯಲ್ಲಿದ್ದ ಹ್ಯಾಂಡಲ್ ಕೂಡ ಕಾಣಲಿಲ್ಲ. ಬ್ರೇಕ್ ಹಿಡಿದು, ಕಾಲು ನೆಲಕ್ಕೆ ಎಳೆದು ನಿಂತಾಗ ರಸ್ತೆಯ ಅಂಚು ಎರಡು ಅಡಿ ದೂರದಲ್ಲಿತ್ತು. ಈಗ ಹ್ಯಾಂಡಲ್ ಮೇಲೆ ಎರಡನೇ ಚಿಕ್ಕ ಲೈಟು ಇಲ್ಲದೆ ಕತ್ತಲ ರಸ್ತೆಗೆ ನಾನು ಇಳಿಯುವುದಿಲ್ಲ.

ಒಳಗೇ ಕೂರಿಸಿದ ಬ್ಯಾಟರಿಯಾ, ಬದಲಾಯಿಸುವ ಸೆಲ್ಲಾ? ದಿನಾ ಓಡಾಡಿ ದಿನಾ ಚಾರ್ಜ್ ಮಾಡುವವರಿಗೆ ಯುಎಸ್‌ಬಿ ಲೈಟು ಅನುಕೂಲ. ಅಪರೂಪಕ್ಕೆ ರಾತ್ರಿ ಹೋಗುವವರಿಗೆ ಎಎಎ ಸೆಲ್ಲಿನ ಲೈಟು ಒಳ್ಳೆಯದು, ಅಂಗಡಿಯಲ್ಲಿ ಸೆಲ್ ಸಿಗುತ್ತದೆ, ಹಾಕಿಕೊಂಡು ಹೊರಡಬಹುದು. ಟೈಪ್ ಸಿ ಕಿಂಡಿ ಇರುವ ಅಗ್ಗದ ಲೈಟು ಕೊಂಡರೆ ಎರಡೂ ತುದಿ ಟೈಪ್ ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗುತ್ತದಾ ನೋಡಿ. ಖರ್ಚು ಉಳಿಸಲು ಒಳಗೆ ಹಾಕಬೇಕಾದ ಎರಡು ಪುಟ್ಟ ರೆಸಿಸ್ಟರ್ ಬಿಟ್ಟಿರುತ್ತಾರೆ, ಆಗ ಹಳೆಯ ಚಪ್ಪಟೆ ತುದಿಯ ಕೇಬಲ್ ಇದ್ದರೆ ಮಾತ್ರ ಚಾರ್ಜ್ ಆಗುತ್ತದೆ. ರಬ್ಬರ್ ಪಟ್ಟಿಯ ಪುಟಾಣಿ ಲೈಟುಗಳಲ್ಲಿ ನಾಣ್ಯದಂಥ ಸೆಲ್ ಇರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವು ಕೈಗೆ ಸಿಗದಂತೆ ಇಡಿ. ನುಂಗಿದರೆ ಗಂಟಲಿನ ಒಳಗೇ ಸುಟ್ಟ ಗಾಯ ಮಾಡುತ್ತದೆ, ಜೀವಕ್ಕೇ ಅಪಾಯ.

ಡೈನಮೋ ಬಗ್ಗೆ ಒಂದು ಮಾತು. ಟೈರಿಗೆ ಉಜ್ಜುವ ಹಳೆಯ ಡೈನಮೋ ಮಳೆಯಲ್ಲಿ ಜಾರುತ್ತದೆ, ತುಳಿಯಲು ಭಾರ. ಚಕ್ರದ ನಡುವೆ ಕೂರುವ ಹಬ್ ಡೈನಮೋ 6 ವೋಲ್ಟ್, 3 ವಾಟ್ ಕೊಡುತ್ತದೆ. ಚಾರ್ಜ್ ಮಾಡುವ ಚಿಂತೆಯೇ ಇಲ್ಲ. ವರ್ಷವಿಡೀ ದಿನಾ ರಾತ್ರಿ ಓಡಾಡುವವರಿಗೆ ಅದು ಬೆಲೆಗೆ ತಕ್ಕದ್ದು. ಬೇರೆಯವರಿಗೆ ಚಕ್ರವನ್ನೇ ಮತ್ತೆ ಕಟ್ಟಿಸುವ ಖರ್ಚು ಜಾಸ್ತಿಯಾಯಿತು.

ಹಂತ 5: ನೀರು ಮತ್ತು ಕುಲುಕಾಟ

ಲೈಟು ಎಷ್ಟು ನೀರು ತಡೆಯುತ್ತದೆ ಅನ್ನುವುದನ್ನು ಐಪಿಎಕ್ಸ್ ಅಂಕಿಯಲ್ಲಿ ಹೇಳುತ್ತಾರೆ. ಐಪಿಎಕ್ಸ್ 4 ಅಂದರೆ ಎಲ್ಲ ಕಡೆಯಿಂದ ಎರಚುವ ನೀರು ತಡೆಯುತ್ತದೆ. ಸಾಧಾರಣ ಮಳೆಗೆ ಸಾಕು. ಐಪಿಎಕ್ಸ್ 7 ಆದರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ಅಂಕಿ ಏನೇ ಇರಲಿ, ಚಾರ್ಜ್ ಕಿಂಡಿಯ ರಬ್ಬರ್ ಮುಚ್ಚಳವನ್ನು ಉಗುರಿನಿಂದ ಎತ್ತಿ ಮತ್ತೆ ಒತ್ತಿ ನೋಡಿ. ಬಿಗಿಯಾಗಿ ಕೂತು ಮೈಗೆ ಸಮವಾಗಿ ಇಳಿಯಬೇಕು. ಒಂದು ಮೂಲೆ ಎದ್ದೇ ನಿಂತರೆ ಮೊದಲ ಮಳೆಗೇ ನೀರು ಒಳಗೆ. ಹಿಂದಿನ ಲೈಟಿಗೆ ಚಕ್ರ ಎರಚುವ ಕೆಸರು ನೀರು ಕೆಳಗಿನಿಂದ ಬಡಿಯುತ್ತದೆ, ಅದಕ್ಕೆ ಕಿಂಡಿ ಕೆಳಮುಖವಾಗಿದ್ದರೆ ಮುಚ್ಚಳ ಇನ್ನೂ ಗಟ್ಟಿ ಇರಬೇಕು.

ಲೈಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಏನಾದರೂ ಲೊಟಲೊಟ ಅಂದರೆ ಬೇಡ. ಹ್ಯಾಂಡಲ್ಲಿಗೆ ಹಿಡಿದಿಡುವ ಕ್ಲಾಂಪ್ ನಿಮ್ಮ ಹ್ಯಾಂಡಲ್ಲಿನ ದಪ್ಪಕ್ಕೆ ಕೂರುತ್ತದಾ ಅಂತ ನೋಡದೆ ಕೊಳ್ಳಬೇಡಿ. ನಡುಭಾಗ ಸಾಮಾನ್ಯವಾಗಿ 25.4 ಅಥವಾ 31.8 ಮಿಲಿಮೀಟರ್ ಇರುತ್ತದೆ, ಸಣ್ಣ ಕ್ಲಾಂಪ್ ದೊಡ್ಡದಕ್ಕೆ ಹಿಡಿಯುವುದಿಲ್ಲ. ಸ್ಕ್ರೂ ಕ್ಲಾಂಪ್ ಜಾರುತ್ತಿದ್ದರೆ ಹಳೆಯ ಟ್ಯೂಬಿನಿಂದ ಒಂದು ತುಂಡು ಕತ್ತರಿಸಿ ಹ್ಯಾಂಡಲ್ಲಿಗೆ ಸುತ್ತಿ, ಅದರ ಮೇಲೆ ಬಿಗಿಯಿರಿ. ಆಮೇಲೆ ಅಲುಗಾಡುವುದಿಲ್ಲ.

ಹಂತ 6: ಸರಿಯಾಗಿ ಕೂರಿಸಿ

ಎಷ್ಟೇ ಒಳ್ಳೆ ಲೈಟಾದರೂ ತಪ್ಪಾಗಿ ತಿರುಗಿಸಿದರೆ ಪ್ರಯೋಜನ ಇಲ್ಲ. ಸೈಕಲ್ಲನ್ನು ಸಮತಟ್ಟು ನೆಲದಲ್ಲಿ ಗೋಡೆಯಿಂದ ಲೈಟಿಗೆ 5 ಮೀಟರ್ ದೂರ ಇರುವ ಹಾಗೆ ನಿಲ್ಲಿಸಿ. ಲೈಟು ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ದುಂಡು ಬೆಳಕಿನ ಲೈಟಾದರೆ ಅತಿ ಪ್ರಕಾಶದ ಜಾಗ ಗೋಡೆಯ ಮೇಲೆ ನೆಲದಿಂದ 65 ಸೆಂಟಿಮೀಟರ್ ಎತ್ತರಕ್ಕೆ ಬೀಳಲಿ. ಆಗ ರಸ್ತೆಯಲ್ಲಿ ಅದರ ನಡುಭಾಗ ಸುಮಾರು 15 ಮೀಟರ್ ಮುಂದೆ ತಾಗುತ್ತದೆ. ನಿಧಾನವಾಗಿ ಹೋಗುವವರು ಅರ್ಧ ಮೀಟರಿಗೆ ಇಳಿಸಿದರೆ 10 ಮೀಟರ್ ಮುಂದೆ ಬೀಳುತ್ತದೆ. ಮೇಲೆ ಅಂಚಿರುವ ಲೈಟಾದರೆ ಆ ಅಂಚು ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗಿದ್ದರೆ ಸಾಕು. ಸರಿಯಾದ ಮೇಲೆ ಕ್ಲಾಂಪ್ ಮತ್ತು ಹ್ಯಾಂಡಲ್ ಎರಡಕ್ಕೂ ತಾಗುವ ಹಾಗೆ ಪೇಂಟಿನ ಒಂದು ಚುಕ್ಕೆ ಇಡಿ. ಕುಲುಕಿ ಜಾರಿದರೆ ಚುಕ್ಕೆ ಎರಡು ತುಂಡಾಗಿ ಕಾಣುತ್ತದೆ.

ಹಿಂದಿನ ಲೈಟು ನೆಲಕ್ಕೆ ಸಮವಾಗಿ ಹಿಂದಕ್ಕೆ ನೋಡುತ್ತಿರಬೇಕು. ಸೀಟಿನ ಕೊಳವೆ ವಾಲಿರುವುದರಿಂದ ಅದಕ್ಕೆ ಸುಮ್ನೆ ಸಿಕ್ಕಿಸಿದ ಲೈಟು ನೆಲ ನೋಡಬಹುದು ಅಥವಾ ಆಕಾಶ ನೋಡಬಹುದು.

ಹಂತ 7: ಬ್ಯಾಟರಿ ಬೇಡದ ಬೆಳಕು

ರಿಫ್ಲೆಕ್ಟರ್‌ಗಳಿಗೆ ಚಾರ್ಜ್ ಬೇಡ, ಬೆಲೆಯೂ ಅತಿ ಕಡಿಮೆ. ಅದರಲ್ಲೂ ಪೆಡಲ್ಲಿನ ರಿಫ್ಲೆಕ್ಟರ್ ಮತ್ತು ಕಣಕಾಲಿಗೆ ಕಟ್ಟುವ ಹೊಳೆಯುವ ಪಟ್ಟಿ ನನಗೆ ಬಹಳ ಇಷ್ಟ. ಮೇಲೆ ಕೆಳಗೆ ಆಡುವ ಎರಡು ಹೊಳಪು ಕಂಡ ಕೂಡಲೇ ಚಾಲಕನಿಗೆ ಇದು ಸೈಕಲ್ ತುಳಿಯುವ ಮನುಷ್ಯ ಅಂತ ತಿಳಿದುಬಿಡುತ್ತದೆ. ಗಾಢ ಹಳದಿ ಜಾಕೆಟ್ ಮಾತ್ರ ಹಾಕಿಕೊಂಡು ಧೈರ್ಯ ತಂದುಕೊಳ್ಳಬೇಡಿ. ಆ ಬಣ್ಣ ಹೊಳೆಯುವುದು ಹಗಲಿನ ಬೆಳಕಿನಲ್ಲಿರುವ ನೇರಳಾತೀತ ಕಿರಣದಿಂದ. ರಾತ್ರಿ ಅದಕ್ಕೆ ಆ ಶಕ್ತಿ ಇಲ್ಲ, ಅದರ ಮೇಲಿನ ಬೆಳ್ಳಿ ಪಟ್ಟಿ ಮಾತ್ರ ಕೆಲಸ ಮಾಡುತ್ತದೆ. ರಿಫ್ಲೆಕ್ಟರ್ ಕೂಡ ಬೇರೆ ಗಾಡಿಯ ಬೆಳಕು ಬಿದ್ದರೆ ಮಾತ್ರ ಹೊಳೆಯುತ್ತದೆ, ಹಾಗಾಗಿ ಅದು ಲೈಟಿನ ಜೊತೆಗೆ ಇರಬೇಕಾದದ್ದು, ಲೈಟಿನ ಬದಲಿಗಲ್ಲ.

ಹಂತ 8: ಹೊರಗೆ ನಿಂತು ನೋಡಿ

ಎಲ್ಲ ಕೂರಿಸಿ ಆದ ಮೇಲೆ, ಕತ್ತಲಾದ ಮೇಲೆ, ಗಾಡಿಗಳಿಲ್ಲದ ಜಾಗಕ್ಕೆ ಯಾರನ್ನಾದರೂ ಕರೆದುಕೊಂಡು ಹೋಗಿ. ನಿಮ್ಮ ಸೈಕಲ್, ನಿಮ್ಮ ಬ್ಯಾಗು, ನಿಮ್ಮ ಮಳೆ ಕೋಟು, ಎಲ್ಲ ಅವರಿಗೆ ಕೊಡಿ. ನೀವು ನಡೆದೇ 100 ಹೆಜ್ಜೆ ದೂರ ಹೋಗಿ ನಿಂತುಕೊಳ್ಳಿ. ಅವರು ನಿಮ್ಮ ಕಡೆಗೆ ಬರಲಿ, ದಾಟಿ ಹೋಗಲಿ, ಅಡ್ಡಕ್ಕೂ ಒಮ್ಮೆ ಹಾಯಲಿ. ಎದುರಿಗೆ ಬರುವಾಗ ಕಣ್ಣು ಕುಕ್ಕಿದರೆ ಮುಂದಿನ ಲೈಟು ಇನ್ನಷ್ಟು ಬಗ್ಗಿಸಿ. ದಾಟಿ ಹೋದ ಮೇಲೆ ಅವರು ಸೀಟಿನಿಂದ ಎದ್ದು, ಕೂತು, ಬಗ್ಗಿ ತುಳಿಯಲಿ. ಆ ಕೆಂಪು ಚುಕ್ಕೆ ಒಂದು ಸಲ ಮರೆಯಾದರೂ ಲೈಟಿನ ಜಾಗ ಬದಲಾಯಿಸಿ, ಮತ್ತೆ ಹೋಗಿ ನಿಂತು ನೋಡಿ. ನನ್ನ ಲೈಟು ಆ ಸಂಜೆಯ ಮಾರನೇ ದಿನವೇ ಸೀಟಿನ ಕೊಳವೆಯಿಂದ ಕ್ಯಾರಿಯರ್ ತುದಿಗೆ ಹೋಯಿತು. ಕೋಟಿನ ಅಂಚು ಅಲ್ಲಿಗೆ ಮುಟ್ಟುವುದಿಲ್ಲ.